ನೀಲವ್ವನ ಪದದ ಕೊನೆಯ ನುಡಿ

ಕೆಲವು ವಿವರಗಳು ತಪ್ಪಿರಬಹುದು — ಅಂದು ಚಿಗವ್ವ ಉಟ್ಟಿದ್ದ ಸೀರೆ ಹಸಿರೋ ನೀಲಿಯೋ, ನಾವು ಹುಬ್ಬಳ್ಳಿಗೆ ಹೋದದ್ದು ಸುಗ್ಗಿಗೆ ಮೊದಲೋ ಆಮೇಲೋ, ಪ್ರಮಾಣ ಮಾಡಿ ಹೇಳಲಾರೆ. ಆದರೆ ಅವಳು ಕಟ್ಟಿದ ಪದದಿಂದ ಅವಳ ಹೆಸರನ್ನು ತೆಗೆದವಳು ನಾನು. ಅದರಲ್ಲಿ ಅನುಮಾನವಿಲ್ಲ.

ಚಿಗವ್ವ, ಅಂದರೆ ದುಂಡಸಿಯ ನೀಲವ್ವ, ನನ್ನ ಅವ್ವನ ತಂಗಿ; ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ನಾನು ಧಾರವಾಡದಲ್ಲಿ ಎಂ.ಎ. ಓದುವಾಗ ವಾರವಾರವೂ ಬಸ್ಸಿನಲ್ಲಿ ರೊಟ್ಟಿಯ ಗಂಟು ಕಳಿಸುತ್ತಿದ್ದಳು. ಅವಳಿಗೆ ಓದು ಬಾರದು. ಹತ್ತಿ ಬಿಡಿಸುತ್ತಲೇ ಪದ ಕಟ್ಟುತ್ತಿದ್ದಳು, ಇನ್ನಿಬ್ಬರು ಹೆಂಗಸರನ್ನು ಕೂಡಿಸಿಕೊಂಡು ಗೀಗೀ ಮೇಳ ನಡೆಸುತ್ತಿದ್ದಳು. ನಮ್ಮ ಕಡೆ ಪದದ ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಊರನ್ನೂ ಕಟ್ಟಿದವರ ಹೆಸರನ್ನೂ ಹಾಡುತ್ತಾರೆ. ಆ ನುಡಿ ಹೋದರೆ ಪದ ಯಾರದಾದರೂ ಆಗುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಮೇಳದ್ದೊಂದು ಸಣ್ಣ ಗ್ರಾಮಫೋನ್ ಪ್ಲೇಟು — ನಾಲ್ಕು ಹಾಡು ಹಿಡಿಯುವ ಇ.ಪಿ. — ಮಾಡಿಸುವ ಹುರುಪು ನನ್ನದೇ. ಹುಬ್ಬಳ್ಳಿಯಲ್ಲಿ ಧ್ವನಿ ಮುದ್ರಿಸುವವನು ಗಡಿಯಾರ ನೋಡಿ, ಪದ ಉದ್ದವಾಯಿತು, ಒಂದು ನುಡಿ ಬಿಡಬೇಕು ಎಂದ.

“ನೀ ಓದಿದಾಕಿ, ಯಾವ್ದ ಬಿಡೂದಂತ ನೀನ ಹೇಳವಾ,” ಎಂದಳು ಚಿಗವ್ವ.

“ಕಡೀದ ಬಿಡು. ನಿನ್ನ ಹೆಸರ ಪ್ಲೇಟಿನ ಮ್ಯಾಲ ಅಚ್ಚ ಹಾಕಸ್ತೇನಿ,” ಎಂದೆ.

“ನೀಲವ್ವ ಇನ್ನ ಅಚ್ಚಾದಾಕಿ, ನಮ್ಮ ಜೋಡಿ ನೆಲಕ್ಕ ಕುಂಡ್ರಂಗಿಲ್ಲ ಬಿಡು,” ಎಂದು ಮೇಳದ ಫಕೀರವ್ವ ಕಾಡಿದಳು.

ಅಚ್ಚಿಗೆ ಕಳಿಸುವ ಹಾಳೆ ತುಂಬಿದವಳೂ ನಾನೇ. ‘ರಚನೆ’ ಎಂಬಲ್ಲಿ ‘ಜಾನಪದ’ ಎಂದು ಬರೆದೆ. ಕೆಳಗೆ ‘ಸಂಗ್ರಹ’ ಎಂದು ನನ್ನ ಹೆಸರು ಹಾಕಿದೆ. ಇಂಥ ಪದಗಳಿಗೆ ಕರ್ತೃವಿರುವುದಿಲ್ಲವೆಂದು ತರಗತಿಯಲ್ಲಿ ಕೇಳಿದ್ದೆ — ಇಲ್ಲ, ಅದನ್ನು ನೆಪವಾಗಿ ಮುಂದೊಡ್ಡುವುದು ಬೇಡ. ಕರ್ತೃ ನನ್ನ ಪಕ್ಕದಲ್ಲೇ ಕುಳಿತು ಎಲೆ ಮಡಿಸುತ್ತಿದ್ದಳು. ನನಗೆ ನನ್ನ ಹೆಸರು ಅಚ್ಚಾಗಬೇಕಿತ್ತು, ಅಷ್ಟೆ.

ಪ್ಲೇಟು ಬಂದ ದಿನ ಕೇಳಿದಳು: “ನನ್ನ ಹೆಸರ ಎಲ್ಲೈತಿ?”

ಅವಳ ಬೆರಳು ಹಿಡಿದು ನನ್ನ ಹೆಸರಿನ ಮೇಲಿಟ್ಟೆ. “ಇಲ್ಲೈತಿ.”

ಆ ಬೆರಳನ್ನು ಅವಳು ಕಣ್ಣಿಗೆ ಒತ್ತಿಕೊಂಡಳು.

ಎರಡು-ಮೂರು ವರ್ಷಗಳಲ್ಲಿ, ಹಿರೇಕೆರೂರು ಕಡೆಯ ಮೇಳವೊಂದು ಅದೇ ಪದದ ತುದಿಗೆ ತಮ್ಮ ಗುರುವಿನ ಹೆಸರು ಸೇರಿಸಿ ಹಾಡುತ್ತಿದೆಯೆಂದು ಸುದ್ದಿ ಬಂತು. ಫಕೀರವ್ವ ಜಗಳಕ್ಕೆ ಎದ್ದಳಂತೆ. ಚಿಗವ್ವನೇ ತಡೆದಳಂತೆ — ಹಾಡಲಿ ಬಿಡು, ನನ್ನ ಹೆಸರು ಅಚ್ಚಾಗಿದೆಯಲ್ಲ ಎಂದು. ಅದನ್ನು ಕೇಳಿಯೂ ನಾನು ಸುಮ್ಮನಿದ್ದೆ.

ಆಮೇಲೊಮ್ಮೆ ಹತ್ತಿಮತ್ತೂರಿನಲ್ಲಿ ಅವಳ ಹಾಡಿಕೆಗೆ ಹೋದೆ. ಕೊನೆಯ ನುಡಿ ಬಂತು. ದುಂಡಸಿ ಬಂತು, ನೀಲವ್ವ ಬಂತು. ಅಲ್ಲಿಗೆ ನಿಲ್ಲಿಸಲಿಲ್ಲ. ಹೊಸದೊಂದು ಸಾಲು ಕಟ್ಟಿದ್ದಳು — ಈ ಪದಕ್ಕೆ ಹಾದಿ ತೋರಿದ ಮಗಳು ಸರೋಜಾ, ಎಂದು. ಕಟ್ಟಿದವರ ಹೆಸರು ಮಾತ್ರ ಕೂರುವ ಜಾಗದಲ್ಲಿ ತನ್ನ ಪಕ್ಕ ನನ್ನ ಹೆಸರನ್ನು ಕೂಡಿಸಿದ್ದಳು. ಅಷ್ಟರಲ್ಲಿ ಅವಳ ಮಗಳು ಕಮಲಾ ಓದಲು ಕಲಿತಿದ್ದಳು; ಪ್ಲೇಟು ಅವರ ಮನೆಯಲ್ಲೇ ಇತ್ತು.

ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಯಾರೂ ಮಾಡಿಲ್ಲ. ನಾನು ತಕ್ಕವಳಲ್ಲ — ಆದರೂ ದಿನವೂ ಆ ಸಾಲನ್ನು ನೆನೆದು ಅವಳಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಇಷ್ಟು ವರ್ಷಗಳ ಮೇಲೆ, ಕಳೆದ ವಾರ ದುಂಡಸಿಗೆ ಹೋಗಿ ಚಿಗವ್ವನಿಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. ಜೋಳ ಹಸನು ಮಾಡುತ್ತಲೇ ಕೇಳಿಸಿಕೊಂಡಳು. ಹೊರಡುವಾಗ ಎಂದಿನಂತೆ ಉಡಿ ತುಂಬಿದಳು. ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದೆ.

“ಚಿಗವ್ವಾ, ಹತ್ತಿಮತ್ತೂರಾಗ ನನ್ನ ಹೆಸರ ಹಾಡಿದಾಗ, ಪ್ಲೇಟಿನ ಸಂಗತಿ ನಿನಗ ಗೊತ್ತಿತ್ತೇನ?”