ಬೆಕ್ಕಿನ ಬೂದಿಗೆ ಕೈಮುಗಿದರು!

ಬೆಕ್ಕಿನ ವಾಸನೆ ಮುಚ್ಚಿಡಲು ಹೋಗಿ ನೀವೆಂದಾದರೂ ಸಿಕ್ಕಿಬಿದ್ದಿದ್ದೀರಾ? ನಾನಂತೂ ಸಿಕ್ಕಿಬಿದ್ದೆ.

“ನಾಳಿ ಬಂದು ನೋಡ್ತೀನಿ. ಮನಿ ನಾರಿತಂದ್ರ ಬೆಕ್ಕು ಹೊರಗ!” ಎಂದಿದ್ದ ಮನೆ ಮಾಲಕಿ ಗೌರಮ್ಮ, ಕುಷ್ಟಗಿಯ ನಮ್ಮ ಬಾಡಿಗೆ ಮನೆಗೆ ಬಂದೇಬಿಟ್ಟರು. ಬೆಕ್ಕು ಶೌಚಕ್ಕೆ ಹೋಗುವ ಹಳೆಯ ಸ್ಟೀಲ್ ಪರಾತಕ್ಕೆ, ಅಂದರೆ ಅಗಲ ತಟ್ಟೆಗೆ, ಜರಡಿ ಹಿಡಿದ ಒಲೆಬೂದಿ ಹೊಸದಾಗಿ ತುಂಬಿದ್ದೆ. ಆದರೂ ಧೈರ್ಯ ಸಾಲದೆ ಪಕ್ಕದಲ್ಲೇ ಊದಿನಕಡ್ಡಿ ಹಚ್ಚಿಟ್ಟಿದ್ದೆ. ಅದೇ ಎಡವಟ್ಟಾಯಿತು. ಗೌರಮ್ಮ ತಲೆಗೆ ಸೆರಗು ಹೊದ್ದು, ಕೈಮುಗಿದು, ವಿಭೂತಿ ಹಚ್ಚಿಕೊಳ್ಳಲು ಪರಾತಕ್ಕೆ ಬೆರಳು ಚಾಚಿದರು.

“ಅಮ್ಮಾರ, ಮುಟ್ಟಬ್ಯಾಡ್ರಿ! ಅದು ಬೆಕ್ಕಿನ ಪಾಯಖಾನಿ!” ಎಂದು ಚೀರಿದೆ.

ಬೆರಳು ಹಿಂದೆಗೆದವರು ಬಗ್ಗಿ ಮೂಸಿದರು. ಬೆಕ್ಕಿನ ಕಥೆ ಮುಗಿಯಿತು ಅಂದುಕೊಂಡೆ.

“ಏನೂ ನಾರವಲ್ದಲ್ಲ ಯವ್ವಾ! ಮತ್ತ ಊದಿನಕಡ್ಡಿ ಯಾಕ ಹಚ್ಚೀದಿ? ನನ್ನ ಹಣಿ ಕೆಡಸ್ತಿದ್ದಿ!” ಎಂದು ಬಿದ್ದುಬಿದ್ದು ನಕ್ಕರು. ಬೆಕ್ಕು ಉಳಿಯಿತು.

ಈಗ ಊದಿನಕಡ್ಡಿ ಬಂದ್. ಗಲೀಜನ್ನು ಆಗಿಂದಾಗ ತೆಗೆದು ಬೂದಿ ಬದಲಿಸುತ್ತೇನೆ, ಅಷ್ಟೆ. ಗೌರಮ್ಮ ಮಾತ್ರ ಯಾರ ಮನೆಯಲ್ಲಿ ವಿಭೂತಿ ಕೊಟ್ಟರೂ “ಇದು ದೇವರದೋ, ಬೆಕ್ಕಿಂದೋ?” ಎಂದು ಕೇಳಿಯೇ ಹಣೆಗೆ ಹಚ್ಚುತ್ತಾರೆ. ನಿಮ್ಮ ಮನೆಯ ಬೆಕ್ಕು ಯಾರನ್ನು ಯಾಮಾರಿಸಿದೆ? ಮುಚ್ಚಿಡದೆ ಬರೆದು ಕಳಿಸಿ.