ಬೆಟ್ಟದ ರಾಜನೂ ಹೆಸರಿಲ್ಲದ ಲಾವಾವೂ

ಐಸ್‌ಲ್ಯಾಂಡಿನ ಬಡಗಣ ಸೀಮೆಯ ಸ್ನೈಬ್ಯೋರ್ನ್ ಒಳ್ಳೆಯ ಮನುಷ್ಯ; ಹಾಗೆಂದು ಮೊದಲು ಹೇಳಿದವನೂ ಅವನೇ. ಚಳಿಗಾಲಕ್ಕೆ ಮುಂಚೆ ಬೆಟ್ಟದಿಂದ ಕುರಿಗಳನ್ನು ಇಳಿಸುವ ತಂಡದ ಮುಖಂಡನಿಗೆ ಅಲ್ಲಿ ‘ಬೆಟ್ಟದ ರಾಜ’ ಎನ್ನುತ್ತಾರೆ. ಆ ಮುಖಂಡ ಇವನೇ. ಊರವರು ಅದನ್ನು ವಾಡಿಕೆಗೆ ಅನ್ನುತ್ತಿದ್ದರು, ಇವನು ನಂಬಿಬಿಟ್ಟಿದ್ದ.

ಹಿಂದಿನ ವರ್ಷ ನೆಲ ಬಿರಿದು ಹರಿದ ಲಾವಾ ಅರ್ಧ ಹುಲ್ಲುಗಾವಲನ್ನು ನುಂಗಿ ಕಲ್ಲಾಗಿತ್ತು. ಅದಕ್ಕೊಂದು ಹೆಸರು, ನಾಲ್ಕು ಮಾತಿನ ವರ್ಣನೆ ಬೇಕೆಂದು ನಕ್ಷೆಯವರು ಕೇಳಿದರು. ಊರು ಸಭೆ ಸೇರಿತು. ಕಾಫಿ ಮುಗಿಯುವ ಮೊದಲೇ ಸ್ನೈಬ್ಯೋರ್ನ್ ಎದ್ದು ನಿಂತ. ಬೆಲ್ಲದ ಪಾಕದಂತೆ ಸುರುಳಿಗಟ್ಟಿದ ಮೈ, ಇನ್ನೂ ಹಾವಸೆ ಹತ್ತದ ಕಪ್ಪು ಎಂದು ಶುರುಮಾಡಿದವನು, ಹೊರಗೆ ಒರಟು, ಒಳಗೆ ಬಿಸಿ, ಯಾರಿಗೂ ಬಗ್ಗದ ಗಾಂಭೀರ್ಯ ಎಂದು ಮುಂದುವರಿದಾಗ, ಅದು ಲಾವಾದ ವರ್ಣನೆಯೋ ಆತ್ಮಕಥೆಯೋ ಕೇಳಿದವರಿಗೆ ತಿಳಿಯಲಿಲ್ಲ. ಕೊನೆಗೆ ತನ್ನ ಹೆಸರನ್ನೇ ಸೂಚಿಸಿದ.

ನೆರೆಮನೆಯ ಮುದುಕಿ ಹಲ್ಬೇರಾ ಬಟ್ಟಲು ಕೆಳಗಿಟ್ಟಳು. “ನಮ್ಮಲ್ಲಿ ಪದ್ಧತಿ ಬೇರೆ ಕಣಯ್ಯಾ. ಊರು ಕೆಲಸ ಬಿಟ್ಟು ಯಾರನ್ನ ಹುಡುಕಿಕೊಂಡು ಹೋಯ್ತೋ, ಸಿಕ್ಕಿದ ಜಾಗಕ್ಕೆ ಅವರ ಹೆಸರು. ನೀನು ಮೊದಲು ಕಳೆದುಹೋಗು, ಆಮೇಲೆ ನೋಡೋಣ.”

ಎಲ್ಲರೂ ನಕ್ಕರು. ಸ್ನೈಬ್ಯೋರ್ನ್ ಅದನ್ನು ಸಲಹೆಯೆಂದು ತೆಗೆದುಕೊಂಡ.

ಕುರಿ ಇಳಿಸುವ ದಿನ ಮಂಜು ಕವಿದೊಡನೆ, ರೈ ಧಾನ್ಯದ ರೊಟ್ಟಿಯ ಗಂಟಿನೊಂದಿಗೆ ಲಾವಾದೊಳಕ್ಕೆ ಜಾರಿಕೊಂಡ. ಬೆಚ್ಚನೆಯ ಗುಂಡಿಯೊಂದನ್ನು ಹುಡುಕಿ ಕೂರುವಷ್ಟರಲ್ಲಿ, ಕಾಲಡಿಯ ತೆಳು ಕಲ್ಲು ಮುರಿದು ಪಾದ ಬಿರುಕಿನಲ್ಲಿ ಸಿಕ್ಕಿಕೊಂಡಿತು. ಈಗ ಅವನು ನಿಜವಾಗಿಯೂ ಕೂಗಿದ.

ಕೆಳಗೆ ರಾಜನಿಲ್ಲದ್ದು ಯಾರ ಗಮನಕ್ಕೂ ಬರಲಿಲ್ಲ. ಆಜ್ಞೆ ಮಾಡುವವರಿಲ್ಲದ್ದರಿಂದ ಕೆಲಸ ಬೇಗ ಮುಗಿಯಿತೆಂದು ಹಿಗ್ಗಿದರು. ಆದರೆ ದೊಡ್ಡಿಯಲ್ಲಿ ಹಲ್ಬೇರಾಳ ಫ್ಲೆಕ್ಕಾ ಕಾಣಲಿಲ್ಲ. ಹಿಮದಲ್ಲೂ ದಾರಿ ತಪ್ಪದೆ ಮಂದೆಯನ್ನು ನಡೆಸುವ ಕುರಿ ಅದು. ಊರಿಗೆ ಊರೇ ಬಿಸಿ ಸಾರು ಬಿಟ್ಟು ಓಡಿತು.

ಫ್ಲೆಕ್ಕಾ ಲಾವಾದ ನಡುವೆ ಸಿಕ್ಕಿತು. ಸ್ನೈಬ್ಯೋರ್ನ್‌ನ ಮೊಣಕಾಲ ಬಳಿ ನಿಂತು ಅವನ ರೊಟ್ಟಿಯನ್ನು ತಿನ್ನುತ್ತಿತ್ತು.

“ಅಂತೂ ನನ್ನನ್ನ ಹುಡುಕಿಕೊಂಡು ಬಂದ್ರಲ್ಲ,” ಎಂದ ಅವನು.

“ನೀನೂ ಇಲ್ಲೇ ಇದ್ದೀಯಾ?” ಎಂದಳು ಹಲ್ಬೇರಾ.

ಮುಂದಿನ ಸಭೆಯಲ್ಲಿ ಅವನು ಕುಂಟುತ್ತಲೇ ವಾದಿಸಿದ. ಸಿಕ್ಕಿಕೊಂಡವನು ತಾನು, ನೋವು ತಿಂದವನು ತಾನು. ಎಲ್ಲರೂ ಒಪ್ಪಿದರು, ಆದರೂ ಹುಡುಕಿದ್ದು ಕುರಿಯನ್ನೇ ಎಂದರು. ನಕ್ಷೆಯಲ್ಲಿ ‘ಫ್ಲೆಕ್ಕಾಳ ಲಾವಾ’ ಎಂದೇ ಅಚ್ಚಾಯಿತು.

ನೋಡಲು ಬಂದವರು ಫ್ಲೆಕ್ಕಾ ಯಾರೆಂದು ಕೇಳಿದರೆ, ಸ್ನೈಬ್ಯೋರ್ನ್ ಗಂಟಲು ಸರಿಮಾಡಿಕೊಂಡು, ಹಿಂದೊಮ್ಮೆ ತನ್ನ ಪ್ರಾಣ ಉಳಿಸಿದ ಮಹಾತಾಯಿ ಎನ್ನುತ್ತಾನೆ. ಅವಳಿಗೆ ಕೊಂಬಿತ್ತೆಂದು ಮಾತ್ರ ಹೇಳುವುದಿಲ್ಲ.