ಅಂಚಿನಲ್ಲಿ ಪಾಸಾಗುವವನು

ಪರ್ತ್‌ನ ನಮ್ಮ ಬಾಡಿಗೆ ಮನೆಯ ಬಚ್ಚಲಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಮುಕ್ಕಾಲು ದಾರಿ ಬಂದು ಬೇಸಿನ್ನಿಗೆ ಟಕ್ಕೆಂದು ತಾಗಿ ನಿಂತುಬಿಡುತ್ತದೆ. ಒಳಗೆ ಹೋಗುವವನು ಹೊಟ್ಟೆಯನ್ನು ಎಳೆದುಕೊಂಡು, ಅಡ್ಡಡ್ಡವಾಗಿ ನುಸುಳಿ, ಬೇಸಿನ್ನಿನ ಪಕ್ಕದಲ್ಲಿ ಒಂದು ಕ್ಷಣ ಧ್ಯಾನಸ್ಥನಾಗಿ ನಿಂತು, ಬಾಗಿಲನ್ನು ಮುಚ್ಚಿ, ಅನಂತರವೇ ಬಂದ ಕಾರ್ಯಕ್ಕೆ ತೊಡಗಬೇಕು. ಅನ್ಯರು ಪ್ರಾತಃಕಾಲದಲ್ಲಿ ಇಷ್ಟದೈವವನ್ನು ನೆನೆಯುವ ಹೊತ್ತಿಗೆ ನಾನು ಈ ಬಾಗಿಲಿನ ನಕ್ಷೆ ಬರೆದ ಅಜ್ಞಾತ ಮಹಾನುಭಾವನಿಗೆ ಸಹಸ್ರನಾಮಾರ್ಚನೆ ಮಾಡುತ್ತೇನೆ. ಅರ್ಚನೆಯ ಮಂಗಳ ಮಾತ್ರ ಎಂದೂ ಬದಲಾಗುವುದಿಲ್ಲ: ಇವನು ಪಾಸಾಗಿದ್ದಾನೆ, ನಾನು ಆಗಿಲ್ಲ.

ಮೈಸೂರಿನಲ್ಲಿ ನಾನು ಎರಡು ದಶಕ ಆರ್ಕಿಟೆಕ್ಟನಾಗಿದ್ದೆ ಎಂದರೆ ನೀವು ನಂಬಬೇಕು. ಸರಸ್ವತಿಪುರಂನಲ್ಲಿ ನಾನು ಕಟ್ಟಿಸಿದ ಮನೆಗಳ ಬಾಗಿಲುಗಳು ಇಂದಿಗೂ ಗೋಡೆ ಮುಟ್ಟುವಷ್ಟು ತೆರೆಯುತ್ತವೆ. ಆದರೆ ಇಲ್ಲಿ ಆರ್ಕಿಟೆಕ್ಟ್ ಎಂಬ ಪದಕ್ಕೆ ಕಾನೂನಿನ ಕಾವಲಿದೆ. ಪರವಾನಗಿ ಪರೀಕ್ಷೆ ಪಾಸಾಗದವನು ಅದನ್ನು ತನ್ನ ಹೆಸರಿನ ಪಕ್ಕದಲ್ಲಿ ಕೂರಿಸುವಂತಿಲ್ಲ. ಸಿಟಿಯ ಆಫೀಸಿನಲ್ಲಿ ನಾನು ಸೀನಿಯರ್ ಟೆಕ್ನಿಷಿಯನ್. ನನ್ನ ನಕ್ಷೆಗಳು ಬೇರೆಯವರ ರುಜು ಹೊತ್ತು, ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳ ಹಾಗೆ ತಿರುಗಿ ನೋಡದೆ ಹೋಗಿಬಿಡುತ್ತವೆ. ಯುಗಾದಿಯ ಊಟದಲ್ಲಿ ಹಿರಿಯ ಹೆಂಗಸೊಬ್ಬರು "ಇವ್ರು ಆರ್ಕಿಟೆಕ್ಟ್" ಎಂದು ಪರಿಚಯಿಸಿದಾಗ, "ಕಾನೂನು ಪ್ರಕಾರ ಅಲ್ಲ ಆಂಟಿ" ಎಂದು ತಿದ್ದಿದೆ. ಆಕೆ ದನಿ ತಗ್ಗಿಸಿ, "ವೀಸಾ ಪ್ರಾಬ್ಲಮ್ಮಾ?" ಎಂದು ಕೇಳಿ, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಅನುಕಂಪದ ಹೋಳಿಗೆಗೂ ತುಪ್ಪದ ರುಚಿಯೇ ಇರುತ್ತದೆ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಮೊದಲ ಬಾರಿ ಆ ಪರೀಕ್ಷೆಯನ್ನು ಅಡಿಲೇಡ್‌ನಲ್ಲಿ ಬರೆದೆ. ಆಗ ಅಲ್ಲಿನ ಕಡಲತೀರದ ಗ್ಲೆನೆಲ್ಗ್‌ನಲ್ಲಿ ನಮ್ಮ ವಾಸ. ಟ್ರಾಮಿನಲ್ಲಿ ಓದುತ್ತ ಹೋಗಿ, ಟ್ರಾಮಿನಲ್ಲೇ ಸುಮ್ಮನೆ ಕೂತು ವಾಪಸಾದೆ. ಎರಡನೆಯದೂ ಮೂರನೆಯದೂ ಪರ್ತ್‌ನಲ್ಲಿ. ಏಳು ಕೆರೆಯ ನೀರು ಕುಡಿದವನು ಎಂದು ಗಟ್ಟಿಗರನ್ನು ಹೊಗಳುತ್ತಾರೆ; ನಾನು ಎರಡು ಸಮುದ್ರದ ದಡದಲ್ಲಿ ನೀರು ಕುಡಿದವನು. ಈ ವರ್ಷ ಬರೆದ ಮೂರನೆಯದರ ಫಲಿತಾಂಶ ಸಿಟಿಯ ಪುಕ್ಕಟೆ ಬಸ್ಸಿನಲ್ಲಿ ಕೂತಿದ್ದಾಗ ಫೋನಿಗೆ ಬಂತು: ಇನ್ನೂ ಅರ್ಹರಲ್ಲ. ಐವತ್ತು ದಾಟಿದವನಿಗೆ "ಇನ್ನೂ" ಎನ್ನುವುದರಲ್ಲಿ ಒಂದು ವಿಶೇಷ ಕ್ರೌರ್ಯವಿದೆ. ನಾನು ಇಳಿಯಬೇಕಾದ ನಿಲ್ದಾಣ ಬಂದು ಹೋಯಿತು, ಬಸ್ಸು ಇನ್ನೊಂದು ಸುತ್ತು ಹಾಕಿತು, ನಾನು ಕೂತೇ ಇದ್ದೆ.

ಎಷ್ಟು ಅಂಕ ಬಂತೆಂದು ಆ ಫಲಿತಾಂಶದಲ್ಲಿ ಇರಲಿಲ್ಲ. ನಮ್ಮ ಶಾಲೆಯಲ್ಲಿ ಮೂವತ್ತೈದಕ್ಕೆ ಪಾಸು; ಮೂವತ್ಮೂರು ಬಂದ ದಡ್ಡನಿಗೂ ತಾನು ಎರಡರಲ್ಲಿ ಹೋದೆನೆಂಬ ಒಂದು ಗೌರವವಿತ್ತು, ಊರೆಲ್ಲ ಹೇಳಿಕೊಳ್ಳಬಹುದಿತ್ತು. ಇಲ್ಲಿ ಪಾಸಿನ ಗೆರೆಯೇ ಪ್ರತಿ ಸಲ ಬೇರೆ. ಮಿಲಿಮೀಟರುಗಳಲ್ಲಿ ಜೀವನ ಸವೆಸಿದ ನನಗೆ ನಾನು ಎಷ್ಟು ಮಿಲಿಮೀಟರು ಕಡಿಮೆ ಬಿದ್ದೆನೆಂಬುದೇ ತಿಳಿಯಲಿಲ್ಲ. ಇದೇ ಕೊನೆಯದು ಎಂದು ಹೆಂಡತಿ ಸುಧಾಳಿಗೆ ಮಾತು ಕೊಟ್ಟಿದ್ದೆ. ಆದರೂ ಒಳಗೊಂದು ಹುಳ ಕೊರೆಯುತ್ತಲೇ ಇತ್ತು. ಇನ್ನೊಮ್ಮೆ ಕೂರಲೇ, ಬೇಡವೇ ಎಂದು ಕೇಳಲು ಬ್ರಿಸ್ಬೇನ್‌ಗೆ, ವಿಲ್ಫ್ರೆಡ್ಡನಲ್ಲಿಗೆ ಹೋದೆ.

ವಿಲ್ಫ್ರೆಡ್ ಮಂಗಳೂರಿನವನು, ಮಸ್ಕತ್ ಸುತ್ತಿಕೊಂಡು ಬಂದವನು. ಅಡಿಲೇಡ್‌ನ ಆಫೀಸಿನಲ್ಲಿ ನಾವಿಬ್ಬರೂ ಒಂದೇ ಮೇಜಿನವರು. ಮೊದಲ ಪ್ರಯತ್ನಕ್ಕೇ ಪಾಸಾಗಿ ಬ್ರಿಸ್ಬೇನ್ ಹೊರವಲಯದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಮನೆ ಮಾಡಿದ. ಈ ವರ್ಷದ ಪರೀಕ್ಷೆಗೆ ಪಾಸಿನ ಗೆರೆ ಎಳೆಯುವವರ ಸಮಿತಿಯಲ್ಲೂ ಕೂತಿದ್ದನೆಂಬುದು, ಅವನ ಹಿತ್ತಿಲಿನ ಬಾರ್ಬಿಕ್ಯೂ ಒಲೆಯ ಮುಂದೆ ಮೀನು ತಿರುವಿ ಹಾಕುತ್ತ ಅವನೇ ಹೇಳಿದಾಗ ನನಗೆ ಗೊತ್ತಾಯಿತು.

"ಪ್ರಶ್ನೆ ಎಂತದ್ದು ಅಂತ ಕೇಳ್ಬೇಡ, ಹೇಳ್ಲಿಕ್ಕಿಲ್ಲ. ಗೆರೆ ಎಳೆಯುವುದು ಹೇಗೆ ಅಂತ ಬೇಕಾದ್ರೆ ಹೇಳ್ತೇನೆ" ಎಂದ.

ಅವನು ಹೇಳಿದ್ದು ಇಷ್ಟು. ಅನುಭವಸ್ಥರಾದ ಹತ್ತಾರು ಆರ್ಕಿಟೆಕ್ಟರು ಒಂದು ಕೋಣೆಯಲ್ಲಿ ಕೂತು, ಇಲ್ಲದ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳುತ್ತಾರೆ. ಅವನು ಜಾಣನಲ್ಲ, ದಡ್ಡನೂ ಅಲ್ಲ. ಕಟ್ಟಡ ಬೀಳಿಸುವುದಿಲ್ಲ, ಬೆರಗಾಗಿಸುವುದೂ ಇಲ್ಲ. ಅಂಚಿನಲ್ಲಿ ಕಷ್ಟಪಟ್ಟು ಪಾಸಾಗುವವನು. ಒಂದೊಂದು ಪ್ರಶ್ನೆಗೂ, ಇಂಥವರು ನೂರು ಜನರಿದ್ದರೆ ಎಷ್ಟು ಮಂದಿ ಸರಿಯುತ್ತರ ಬರೆದಾರು ಎಂದು ಪ್ರತಿಯೊಬ್ಬರೂ ಅಂದಾಜು ಹಾಕುತ್ತಾರೆ, ಚರ್ಚಿಸುತ್ತಾರೆ, ತಿದ್ದುತ್ತಾರೆ. ಆ ಅಂದಾಜುಗಳ ಸರಾಸರಿಯೇ ಗೆರೆ; ಅಂದಾಜು ಹೆಚ್ಚಿದಷ್ಟೂ ಗೆರೆ ಮೇಲೇರುತ್ತದೆ. ನಿರಾಕಾರನಾದ ಭಗವಂತನಲ್ಲಿ ಮನಸ್ಸು ನಿಲ್ಲದವರು ವಿಗ್ರಹ ಮಾಡಿಕೊಳ್ಳುವಂತೆ ಇವರೂ ಯಾವುದಾದರೂ ಒಂದು ಮುಖವನ್ನು ಇಟ್ಟುಕೊಳ್ಳಬೇಕಲ್ಲ ಎನಿಸಿ, ನೀನು ಯಾರನ್ನು ನೆನೆಸಿಕೊಂಡೆ ಎಂದು ತಮಾಷೆಗೆ ಕೇಳಿದೆ. ನನ್ನ ಮಟ್ಟಿಗೆ ಆ ಅಂಚಿನವನು ನಮ್ಮ ಬಚ್ಚಲಿನ ಬಾಗಿಲು ಬರೆದವನೇ.

ವಿಲ್ಫ್ರೆಡ್ ಇಕ್ಕಳವನ್ನು ಕೆಳಗಿಟ್ಟ.

"ನಿನ್ನನ್ನೇ ಮಾರಾಯ" ಎಂದ.

ಮೀನು ಸೀದ ವಾಸನೆ ಬರತೊಡಗಿತು. ಇಬ್ಬರೂ ಅದರ ಕಡೆ ನೋಡಲಿಲ್ಲ.

"ಬೇಜಾರು ಮಾಡ್ಬೇಡ. ಕಾಂಟ್ರ್ಯಾಕ್ಟಿನ ಒಂದು ವಿಷಯ ಬಂತು. ಎಲ್ರೂ ಕಡಿಮೆ ಹಾಕಿದ್ರು, ಅಂಚಿನವನಿಗೆ ಇದು ಬರ್ಲಿಕ್ಕಿಲ್ಲ ಅಂತ. ನಾನೊಬ್ನೇ ವಾದ ಮಾಡಿದೆ. ಅಷ್ಟು ವರ್ಷ ಮನೆ ಕಟ್ಟಿಸಿದವ, ಬಾಯಿಮಾತು ನಂಬಿ ಎಷ್ಟು ಸಲ ಕೈ ಸುಟ್ಟುಕೊಂಡಿರ್ಲಿಕ್ಕಿಲ್ಲ, ಅವನಿಗೆ ಬಂದೇ ಬರ್ತದೆ ಅಂತ ಹೇಳಿದೆ. ಕೆಲವರು ಒಪ್ಪಿ ಜಾಸ್ತಿ ಮಾಡಿದ್ರು."

ಯಾವ ಪ್ರಶ್ನೆಯೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಗೊತ್ತಾಗಿತ್ತು. ಮಾಲೀಕನು ಕೆಲಸದ ನಡುವೆ ಬದಲಾವಣೆ ಕೇಳಿದರೆ ಮೊದಲು ಏನು ಮಾಡುತ್ತೀರಿ ಎಂದಿತ್ತು. ನಾಲ್ಕು ಉತ್ತರಗಳೂ ಸಭ್ಯವಾಗಿದ್ದವು. ಲಿಖಿತ ಆದೇಶ ಹೊರಡಿಸುವುದು ಎಂಬುದನ್ನು ದಾಟಿ, ಹೋಗಿ ಮಾತಾಡುವುದು ಎಂಬುದಕ್ಕೆ ನಾನು ಗುರುತು ಹಾಕಿದ್ದೆ. ಮೈಸೂರಿನಲ್ಲಿ ಮನೆಯಾಕೆ ಕಾಫಿ ಕೊಡುತ್ತ "ಇಲ್ಲೊಂದು ಕಿಟಕಿ ಇದ್ದಿದ್ರೆ" ಎಂದರೆ ಸಂಜೆಯೊಳಗೆ ಅಲ್ಲಿ ಕಿಟಕಿ ಇರುತ್ತಿತ್ತು. ಯಾರೂ ಬರೆಯಲಿಲ್ಲ, ಯಾರೂ ಮಾತಿಗೆ ತಪ್ಪಲಿಲ್ಲ. ಕೈ ಸುಟ್ಟುಕೊಂಡು ಕಲಿಯಬೇಕಾದ ವಿದ್ಯೆಯನ್ನು ನಾನು ಕಲಿಯಲಿಲ್ಲ, ಏಕೆಂದರೆ ಯಾರೂ ನನ್ನ ಕೈ ಸುಡಲಿಲ್ಲ. ಒಳ್ಳೆಯವರ ನಡುವೆ ಬಾಳಿದ್ದು ಈ ವಯಸ್ಸಿನಲ್ಲಿ ನನ್ನ ಅನರ್ಹತೆಯಾಯಿತು. ವೈರಿಯೊಬ್ಬನು ನನ್ನನ್ನು ಕೆಳಗೆ ತಳ್ಳಿದ್ದರೆ ಸಹಿಸಬಹುದಿತ್ತು. ಗೆಳೆಯನು ಪ್ರೀತಿಯಿಂದ ನನ್ನನ್ನು ಎತ್ತಿ ಎತ್ತಿ ನನಗೇ ಎಟುಕದಷ್ಟು ಮೇಲೆ ಇಟ್ಟುಬಿಟ್ಟಿದ್ದ. ಆ ಒಂದು ಪ್ರಶ್ನೆಯಲ್ಲೇ ನಾನು ಹೋದೆನೋ, ಹತ್ತರಲ್ಲಿ ಹೋದೆನೋ, ಅಂಕ ತಿಳಿಸದ ಪರೀಕ್ಷೆಯಲ್ಲಿ ಅದನ್ನು ತಿಳಿಯುವ ಉಪಾಯವೂ ಇಲ್ಲ.

ಪರ್ತ್‌ಗೆ ಮರಳಿದಾಗ ಸುಧಾ ಬಾಗಿಲಲ್ಲೇ ಕೇಳಿದಳು, "ಏನಂದ್ರು ವಿಲ್ಫ್ರೆಡ್? ಮತ್ತೆ ಕೂತ್ಕೊಳ್ತೀರಾ?"

"ಇಲ್ಲ" ಎಂದೆ.

"ನಿಮ್ ಕೈಲಾಗಲ್ಲ ಅಂದ್ರಾ?"

"ಆಗತ್ತೆ ಅಂದ್ಕೊಂಡಿದ್ನಂತೆ" ಎಂದು ಹೇಳಿ, ಮುಖ ತೊಳೆಯಲು ಹೋದೆ.

ಬಾಗಿಲು ಎಂದಿನಂತೆ ಟಕ್ಕೆಂದು ಬೇಸಿನ್ನಿಗೆ ತಾಗಿ ನಿಂತಿತು. ಬಾಯಿಗೆ ಬಂದ ಸಹಸ್ರನಾಮ ಅಲ್ಲೇ ಉಳಿಯಿತು. ಪಾಪ, ಇದನ್ನು ಬರೆದವನೂ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಂಡೇ ಬರೆದಿರಬೇಕು. ನನಗಿಂತ ತೆಳ್ಳಗೆ, ನನಗಿಂತ ಚುರುಕು, ಇಷ್ಟು ಜಾಗದಲ್ಲಿ ಸಲೀಸಾಗಿ ಹೋಗಿಯೇ ಹೋಗುತ್ತಾನೆ ಎಂದು ನಂಬಿ. ನಾನು ಹೊಟ್ಟೆಯನ್ನು ಎಳೆದುಕೊಂಡು, ಅಡ್ಡಡ್ಡವಾಗಿ ನುಸುಳಿ, ಬೇಸಿನ್ನಿನ ಪಕ್ಕದಲ್ಲಿ ಬಹಳ ಹೊತ್ತು ನಿಂತಿದ್ದೆ.